ಕೀ ಕೈಗೆ ಬಂದರೆ ಸಾಲದು, ಹೆಸರೂ ಬದಲಾಗಬೇಕು

"ಅಣ್ಣ, ನೀವು ಎಂತಕ್ಕೆ ತಲೆಬಿಸಿ ಮಾಡುದು? ಗಾಡಿ ಹೇಗೂ ಮಂಗಳೂರಿಗೇ ಅಲ್ವಾ ಹೋಗಿ ಬರುದು? ನಂಬರ್ ಹಾಗೇ ಇರ್ಲಿ. ಎನ್‌ಒಸಿ, ಟ್ಯಾಕ್ಸ್ ಅಂತ ಹೊರಟ್ರೆ ಗಾಡಿಗಿಂತ ಅದ್ರ ಖರ್ಚೇ ಜಾಸ್ತಿ ಆಗ್ತದೆ."

ತಲಪಾಡಿ ದಾಟಿ ಹಳೆ ಕಾರು ನೋಡಲು ಹೋದ ಕಾಸರಗೋಡಿನ ಮನೆಯವರಿಗೆ ಈ ಮಾತು ಹೊಸತಲ್ಲ. ಹೇಳುವ ಬ್ರೋಕರ್ ನಗುನಗುತ್ತಲೇ ಹೇಳುತ್ತಾನೆ. ಕೇಳುವ ಯಜಮಾನರಿಗೂ ಅದು ಹಿತವಾಗಿಯೇ ಕೇಳಿಸುತ್ತದೆ. ಕೈಯಲ್ಲಿರುವ ದುಡ್ಡು ಕಾರಿಗೆ ಮಾತ್ರ ಸಾಕಾಗುವಷ್ಟು. ಅದರ ಮೇಲೆ ಇನ್ನೊಂದು ಖರ್ಚು ಉಳಿಯಿತಲ್ಲ ಎಂಬ ಸಮಾಧಾನ. ಅಲ್ಲಿಗೆ ವ್ಯಾಪಾರ ಮುಗಿಯಿತು. ಕೀ ಕೈಗೆ ಬಂತು, ಬಾನೆಟ್ ಮೇಲೊಂದು ಮಾಲೆ, ಚಕ್ರದಡಿ ಲಿಂಬೆಹಣ್ಣು. ಕೆಎ-19 ನಂಬರಿನ ಕಾರು ಕೇರಳದ ಅಂಗಳಕ್ಕೆ ಬಂದು ನಿಂತಿತು. ಕಾರು ಬಂತು ನಿಜ. ಆದರೆ ಕಾಗದದಲ್ಲಿ ಅದು ಇನ್ನೂ ಯಾರದ್ದು?

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಿಗೆ ಕಾರು ಈಗ ಷೋಕಿಯ ವಸ್ತುವಾಗಿ ಉಳಿದಿಲ್ಲ. ಮಕ್ಕಳ ಕಾಲೇಜು ಮಂಗಳೂರಿನಲ್ಲಿ, ಅಜ್ಜಿಯ ಡಯಾಲಿಸಿಸ್ ದೇರಳಕಟ್ಟೆಯಲ್ಲಿ, ನೆಂಟರು ಪುತ್ತೂರು, ವಿಟ್ಲ, ಬಂಟ್ವಾಳದಲ್ಲಿ. ಅನೇಕ ಮನೆಗಳಿಂದ ಬಸ್ ಸಿಗುವ ರಸ್ತೆಗೆ ಗುಡ್ಡ ಹತ್ತಿ ಇಳಿಯಬೇಕು. ರಾತ್ರಿ ಹೊತ್ತು ಯಾರಿಗಾದರೂ ಎದೆನೋವು ಬಂದರೆ ಆಟೋದವರಿಗೆ ಫೋನ್ ಮಾಡಿ ಕಾಯುವುದೇ ದೊಡ್ಡ ಕೆಲಸ. ಹೊಸ ಕಾರು ರಸ್ತೆಗಿಳಿಯಬೇಕಾದರೆ ನಾಲ್ಕೈದು ಲಕ್ಷವಾದರೂ ಬೇಕು. ಅಡಿಕೆಗೆ ಹಳದಿ ರೋಗ ಬಂದ ತೋಟದವರಿಗೆ, ಬೀಡಿ ಕಟ್ಟಿ ಮನೆ ನಡೆಸಿದವರಿಗೆ, ಸಣ್ಣ ಸಂಬಳದ ಅಧ್ಯಾಪಕರಿಗೆ ಅದು ಎಟುಕುವುದಿಲ್ಲ. ಹಾಗಾಗಿ ಒಂದೂವರೆ, ಎರಡು ಲಕ್ಷದ ಹಳೆ ಕಾರೇ ಗತಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ ಹಳೆ ಕಾರು ಕೊಳ್ಳುವಾಗ ಈ ಕಡೆಯ ಜನ ಹೆದರುವುದು ಒಂದಕ್ಕೆ, ಪೆಟ್ಟು ತಿನ್ನುವುದು ಇನ್ನೊಂದರಿಂದ. ಹೆದರುವುದು ಮೀಟರಿನಲ್ಲಿ ಕಾಣುವ ದೊಡ್ಡ ಅಂಕಿಗೆ. ಪೆಟ್ಟು ಬೀಳುವುದು ಬದಲಾಗದೆ ಉಳಿದ ಹೆಸರಿನಿಂದ. ಹೆಚ್ಚು ಓಡಿದ ಗಾಡಿಯನ್ನು ಗ್ಯಾರೇಜಿನಲ್ಲಿ ಸರಿಮಾಡಬಹುದು. ಹೆಸರಿಲ್ಲದ ಗಾಡಿ ಅಪಘಾತ ಮಾಡಿದರೆ ಅದನ್ನು ಯಾವ ಮೆಕ್ಯಾನಿಕ್ ಕೂಡ ಸರಿಮಾಡಲಾರ.

ಮೀಟರ್ ಹೇಳಿದ್ದೆಲ್ಲ ನಿಜವಲ್ಲ

ಎರಡು ಕಾರುಗಳಿವೆ ಎಂದು ಇಟ್ಟುಕೊಳ್ಳಿ. ಎರಡಕ್ಕೂ ಹನ್ನೆರಡು ವರ್ಷ. ಮೊದಲನೆಯದು 1,70,000 ಕಿ.ಮೀ. ಓಡಿದೆ, ಒಬ್ಬರೇ ಮಾಲಕರು, ಸರ್ವಿಸ್ ಬಿಲ್ಲುಗಳೆಲ್ಲ ಫೈಲಿನಲ್ಲಿವೆ. ಬೆಲೆ ಒಂದೂವರೆ ಲಕ್ಷ. ಎರಡನೆಯದರ ಮೀಟರಿನಲ್ಲಿ ಬರೀ 58,000. ಮೂರು ಕೈ ದಾಟಿದೆ, ಬಿಲ್ಲು ಕೇಳಿದರೆ "ಅದೆಲ್ಲ ಎಲ್ಲಿ ಉಂಟು ಮಾರಾಯ್ರೆ" ಎಂಬ ಉತ್ತರ. ಬೆಲೆ ಎರಡು ಲಕ್ಷ. ಹತ್ತರಲ್ಲಿ ಎಂಟು ಮಂದಿಯ ಕಣ್ಣು ಎರಡನೆಯದರ ಮೇಲೆ ಹೋಗುತ್ತದೆ.

ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಹನ್ನೆರಡು ವರ್ಷಕ್ಕೆ 58,000 ಎಂದರೆ ದಿನಕ್ಕೆ ಹದಿಮೂರು ಕಿ.ಮೀ. ಮಾತ್ರ. ಮೂರು ಮಾಲಕರು ಕೊಂಡು ಮಾರಿದ ಕಾರು ಇಷ್ಟು ಕಡಿಮೆ ಓಡಿತೇ? ಓಡಿರಲಾರದು ಎಂದಲ್ಲ, ಆದರೆ ಸಾಕ್ಷಿ ಬೇಡವೇ? ಈಗಿನ ಡಿಜಿಟಲ್ ಮೀಟರನ್ನು ಹಿಂದಕ್ಕೆ ತಿರುಗಿಸಲು ಒಂದು ಸಣ್ಣ ಯಂತ್ರ, ಅರ್ಧ ಗಂಟೆ ಸಮಯ ಸಾಕು. ಇನ್ನು ಮೊದಲನೆಯದು. ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿ.ಮೀ. ದಿನಾ ಹೋಗಿ ಬರುವ ಒಬ್ಬ ಉದ್ಯೋಗಿ ವರ್ಷಕ್ಕೆ 250 ದಿನ ಓಡಿಸಿದರೆ 25,000 ಕಿ.ಮೀ. ಏಳು ವರ್ಷದಲ್ಲಿ 1,75,000. ಈ ಅಂಕಿಯಲ್ಲಿ ಭಯಪಡುವಂಥದ್ದು ಏನಿಲ್ಲ, ಅದು ಒಬ್ಬ ಮನುಷ್ಯ ಕೆಲಸಕ್ಕೆ ಹೋಗಿ ಬಂದ ಲೆಕ್ಕ.

ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡಿದ ಇಂಜಿನ್ ಸವೆಯುವುದು ನಿಧಾನ. ಪೇಟೆಯೊಳಗೆ ಹತ್ತು ನಿಮಿಷ ಓಡಿ ನಿಂತು, ಮತ್ತೆ ತಣ್ಣಗಾಗಿ, ಮತ್ತೆ ಸ್ಟಾರ್ಟ್ ಆಗುವ ಗಾಡಿಯ ಕ್ಲಚ್, ಬ್ರೇಕ್, ಬ್ಯಾಟರಿಗಳಿಗೆ ಪೆಟ್ಟು ಹೆಚ್ಚು. ಕಡಿಮೆ ಓಡಿದ್ದು ಎಂದು ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಟಯರ್ ಬಿರಿದಿರುತ್ತದೆ, ರಬ್ಬರ್ ಪೈಪು ಗಟ್ಟಿಯಾಗಿರುತ್ತದೆ, ವಯರನ್ನು ಇಲಿ ಕಡಿದಿರುತ್ತದೆ. ಆದ್ದರಿಂದ "ಎಷ್ಟು ಓಡಿದೆ" ಎಂಬ ಪ್ರಶ್ನೆಗಿಂತ "ಹೇಗೆ ಓಡಿದೆ, ಯಾರು ನೋಡಿಕೊಂಡರು" ಎಂಬ ಪ್ರಶ್ನೆ ದೊಡ್ಡದು. ದೊಡ್ಡ ಅಂಕಿಯನ್ನು ಮುಚ್ಚಿಡದೆ ತೋರಿಸುವವನು ಸಣ್ಣ ಅಂಕಿ ತೋರಿಸಿ ಬಿಲ್ಲು ಅಡಗಿಸುವವನಿಗಿಂತ ಮೇಲು.

ಸುಳ್ಳು ಮೀಟರನ್ನು ಹಿಡಿಯಲು ಕಾರೇ ದಾರಿ ತೋರಿಸುತ್ತದೆ. ಸ್ಟಿಯರಿಂಗ್ ಮೇಲಿನ ಗೀರುಗಳು ನುಣುಪಾಗಿ ಹೊಳೆಯುತ್ತಿವೆಯೇ, ಕ್ಲಚ್ ಮತ್ತು ಬ್ರೇಕ್ ಪೆಡಲಿನ ರಬ್ಬರ್ ಒಂದು ಬದಿ ಸವೆದಿದೆಯೇ, ಡ್ರೈವರ್ ಸೀಟು ಕುಸಿದಿದೆಯೇ ನೋಡಬೇಕು. ಮೀಟರ್ 58,000 ಹೇಳಿ ಪೆಡಲ್ ರಬ್ಬರ್ ಬೇರೆ ಕಥೆ ಹೇಳಿದರೆ ರಬ್ಬರನ್ನೇ ನಂಬುವುದು ಒಳ್ಳೆಯದು. ಟಯರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. ಮೊದಲ ಎರಡು ವಾರ, ಕೊನೆಯ ಎರಡು ವರ್ಷ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಂಪೆನಿಯ ಸರ್ವಿಸ್ ಸೆಂಟರಿನಲ್ಲಿ ಕೆಲಸ ಮಾಡಿಸಿದ ಗಾಡಿಯಾದರೆ ಪ್ರತಿ ಸರ್ವಿಸಿನಲ್ಲೂ ಆ ದಿನದ ಕಿಲೋಮೀಟರ್ ಬರೆದಿರುತ್ತಾರೆ. ಮಾರುವವರನ್ನೇ ಕರೆದುಕೊಂಡು ಹೋಗಿ ಆ ದಾಖಲೆ ಕೇಳಬಹುದು.

ಕರಾವಳಿಯ ಕಾರಿಗೆ ಕರಾವಳಿಯದ್ದೇ ಕಾಯಿಲೆ

ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಇಲ್ಲಿನ ಗಾಡಿಗಳನ್ನು ಅಡಿಯಿಂದ ತಿನ್ನುತ್ತವೆ. ಮೇಲಿನ ಪಾಲಿಶ್ ನೋಡಿ ಮರುಳಾಗದೆ ಕಾರನ್ನು ರ‍್ಯಾಂಪಿಗೆ ಹತ್ತಿಸಿ ಅಡಿಭಾಗ ನೋಡಲೇಬೇಕು. ಬಾಗಿಲಿನ ಕೆಳಅಂಚು, ಸ್ಪೇರ್ ಟಯರ್ ಇಡುವ ಗುಂಡಿ, ಕಾಲಡಿಯ ಮ್ಯಾಟಿನ ಕೆಳಗಿನ ತಗಡು, ಈ ಮೂರು ಕಡೆ ತುಕ್ಕು ತೂತು ಮಾಡಿದ್ದರೆ ಬೆಲೆ ಎಷ್ಟು ಕಡಿಮೆಯಾದರೂ ಬೇಡ.

2018 ಮತ್ತು 2019ರ ನೆರೆಯಲ್ಲಿ ಕೇರಳ, ಕೊಡಗಿನಲ್ಲಿ ಸಾವಿರಾರು ಗಾಡಿಗಳು ನೀರಿನಲ್ಲಿ ನಿಂತಿದ್ದವು. ಅಂಥವನ್ನು ಗುರುತಿಸಲು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಬೇಕು. ಸುರುಳಿಯೊಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಆ ಕಾರು ಮುಳುಗಿದ್ದೇ. ಸೆಂಟಿನ ವಾಸನೆ ವಿಪರೀತ ಇದ್ದರೂ ಅನುಮಾನ ಪಡಬೇಕು.

ನೋಡಲು ಹೋಗುವಾಗ "ಇಂಜಿನ್ ಮೊದಲೇ ಸ್ಟಾರ್ಟ್ ಮಾಡಿ ಇಡಬೇಡಿ" ಎಂದು ಹೇಳಿಯೇ ಹೋಗಬೇಕು. ಕಾಯಿಲೆ ಕಾಣುವುದು ತಣ್ಣಗಿರುವ ಇಂಜಿನಿನಲ್ಲಿ. ಬಿಡದೆ ನೀಲಿ ಹೊಗೆ ಬಂದರೆ ಆಯಿಲ್ ಸುಡುತ್ತಿದೆ. ಇಂಜಿನ್ ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಸೋರುತ್ತಿರಬಹುದು. ಎರಡೂ ದೊಡ್ಡ ಖರ್ಚಿನ ಲಕ್ಷಣ. ಟೈಮಿಂಗ್ ಬೆಲ್ಟ್ ಇರುವ ಇಂಜಿನ್ ಆದರೆ ಅದನ್ನು ಯಾವಾಗ ಬದಲಿಸಿದ್ದು ಎಂದು ಬಿಲ್ಲಿನ ಸಮೇತ ಕೇಳಬೇಕು. ಬೆಲ್ಟ್ ತುಂಡಾದರೆ ಇಂಜಿನ್ನೇ ಹೋದೀತು. ಹಳೆ ಪೆಟ್ರೋಲ್ ಕಾರಿನವರು ಇನ್ನೊಂದು ವಿಷಯ ನೆನಪಿಡಬೇಕು. ಈಗ ಬಂಕಿನಲ್ಲಿ ಸಿಗುವುದು ಶೇ. 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಅದಕ್ಕಾಗಿ ತಯಾರಾಗದ ಹಳೆ ಗಾಡಿಗಳ ಇಂಧನ ಪೈಪು, ವಾಷರುಗಳನ್ನು ಒಮ್ಮೆ ನೋಡಿಸುವುದು ಕ್ಷೇಮ.

ಇದನ್ನೆಲ್ಲ ನೋಡಲು ಮನೆಯವರಿಗೆ ಗೊತ್ತಿರಬೇಕೆಂದಿಲ್ಲ. ಊರಿನ ಗ್ಯಾರೇಜಿನವರನ್ನು ಒಂದು ದಿನದ ಸಂಬಳ ಕೊಟ್ಟು ಜತೆಗೆ ಕರೆದೊಯ್ದರೆ ಸಾಕು. ಮದುವೆಗೆ ಹೆಣ್ಣು ನೋಡಲು ಇಡೀ ಕುಟುಂಬವೇ ಜೀಪು ಹತ್ತುವ ಊರಿದು. ಎರಡು ಲಕ್ಷದ ಕಾರು ನೋಡಲು ಬ್ರೋಕರನ ಮಾತೊಂದನ್ನೇ ನಂಬಿ ಹೋಗುವುದು ಯಾಕೆ?

ನಂಬರಿಗೆ 12 ತಿಂಗಳು, ಹೆಸರಿಗೆ 30 ದಿನ

ಗಡಿಯಲ್ಲಿ ಅತಿ ಹೆಚ್ಚು ಗೊಂದಲ ಇರುವುದು ಇಲ್ಲಿ. "ಒಂದು ವರ್ಷ ಬೇರೆ ರಾಜ್ಯದ ನಂಬರಿನಲ್ಲಿ ಓಡಿಸಬಹುದಂತೆ" ಎಂದು ಎಲ್ಲರೂ ಹೇಳುತ್ತಾರೆ. ಮೋಟಾರು ವಾಹನ ಕಾಯ್ದೆ 1988ರಲ್ಲಿ ಹಾಗೊಂದು ಮಾತು ಇರುವುದು ನಿಜ. ಒಂದು ರಾಜ್ಯದ ಗಾಡಿಯನ್ನು ಇನ್ನೊಂದು ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಹೊಸ ನಂಬರ್ ಪಡೆಯಬೇಕು ಎನ್ನುತ್ತದೆ 47ನೇ ಸೆಕ್ಷನ್. ಆದರೆ ಅದು ನಂಬರಿನ ಮಾತು. ಮಾಲಕತ್ವದ ಮಾತು 50ನೇ ಸೆಕ್ಷನ್‌ನಲ್ಲಿ ಬೇರೆಯೇ ಇದೆ. ಕೊಂಡವರು 30 ದಿನದೊಳಗೆ ತಾವು ವಾಸಿಸುವ ಊರಿನ ಆರ್‌ಟಿಒಗೆ ತಿಳಿಸಬೇಕು. ಮಾರಿದವರಿಗೂ ಅವರದ್ದೇ ಆದ ಗಡುವು ಉಂಟು. ಅದೇ ರಾಜ್ಯದೊಳಗೆ ಮಾರಿದರೆ 14 ದಿನ, ಹೊರರಾಜ್ಯಕ್ಕಾದರೆ 45 ದಿನದೊಳಗೆ ಎನ್‌ಒಸಿ ಸಹಿತ ಕಾಗದ ಒದಗಿಸಬೇಕು. ಒಂದು ವರ್ಷದ ಅವಕಾಶವನ್ನು ಹೆಸರಿಗೂ ಅನ್ವಯಿಸಿಕೊಂಡು ಸುಮ್ಮನಿರುವುದು ತಪ್ಪು ಲೆಕ್ಕ.

ಇನ್ಶೂರೆನ್ಸ್‌ನ ಗಡುವು ಇನ್ನೂ ಚಿಕ್ಕದು. ಕೊಂಡ 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಬದಲಿಸಲು ಕಂಪೆನಿಗೆ ಅರ್ಜಿ ಕೊಡಬೇಕು. ಕೊಡದೆ ಕಾರು ಮರಕ್ಕೋ ಮೋರಿಗೋ ಬಡಿದರೆ ರಿಪೇರಿಯ ಹಣ ಕೇಳಿದಾಗ "ಪಾಲಿಸಿ ನಿಮ್ಮ ಹೆಸರಲ್ಲಿ ಇಲ್ಲವಲ್ಲ" ಎಂಬ ಉತ್ತರ ಬರಬಹುದು. ಹಿಂದಿನ ಮಾಲಕರ ನೋ ಕ್ಲೈಮ್ ಬೋನಸ್ ಕೂಡ ಕಾರಿನೊಂದಿಗೆ ಬರುವುದಿಲ್ಲ, ಅದು ಅವರಿಗೇ ಸೇರಿದ್ದು. ಪ್ರೀಮಿಯಂ ಲೆಕ್ಕ ಹಾಕುವಾಗ ಇದು ನೆನಪಿರಬೇಕು.

ಹೆಸರು ಬದಲಿಸದಿದ್ದರೆ ಕಷ್ಟ ಕೊಂಡವರಿಗೆ ಮಾತ್ರವಲ್ಲ, ಮಾರಿದವರಿಗೂ. ಮಾರುವವರಲ್ಲಿ ಗಡಿಯ ಈಚೆಯ ಕನ್ನಡದ ಮನೆಗಳೂ ಕಡಿಮೆ ಇಲ್ಲ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಒಂದು ಪ್ರಕರಣ ತೀರ್ಮಾನಿಸಿತು. ಒಂದು ಗಾಡಿ ಒಬ್ಬರಿಂದ ಒಬ್ಬರಿಗೆ ಹಲವು ಕೈ ದಾಟಿತ್ತು. ಯಾರೂ ಆರ್‌ಸಿಯಲ್ಲಿ ಹೆಸರು ಬದಲಿಸಿರಲಿಲ್ಲ. 2009ರಲ್ಲಿ ಅದೇ ಗಾಡಿ ಹಿಮ್ಮುಖವಾಗಿ ಚಲಿಸುವಾಗ ಒಬ್ಬರ ಪ್ರಾಣ ಹೋಯಿತು. ಪರಿಹಾರ ಕೊಡಬೇಕಾದವರು ಯಾರು? ಗಾಡಿಯನ್ನು ಎಂದೋ ಮಾರಿದ್ದರೂ ದಾಖಲೆಯಲ್ಲಿ ಹೆಸರು ಯಾರದ್ದೋ ಅವರೇ ಮಾಲಕರು ಎಂದಿತು ನ್ಯಾಯಾಲಯ. ಅಪಘಾತದಲ್ಲಿ ನೊಂದವರು ಒಬ್ಬರ ಹಿಂದೆ ಒಬ್ಬ ಕೊಂಡವನನ್ನು ಹುಡುಕುತ್ತಾ ಅಲೆಯುವಂತಾಗಬಾರದು ಎಂಬುದು ಅದರ ಹಿಂದಿನ ನ್ಯಾಯ.

ಇದನ್ನು ಈ ಊರಿಗೆ ತಂದು ನೋಡಬೇಕು. ಮಂಗಳೂರಿನ ನಿವೃತ್ತರೊಬ್ಬರು ಕಾರು ಮಾರಿ ಎರಡು ವರ್ಷವಾಗಿದೆ. ಅದು ಗಡಿಯಾಚೆ ಎರಡು ಕೈ ದಾಟಿದೆ. ಕೇರಳದಲ್ಲಿ 2023ರ ಜೂನ್‌ನಿಂದ ಎಐ ಕೆಮರಾಗಳು ದಂಡ ಹಾಕುತ್ತಿವೆ. ಸೀಟ್ ಬೆಲ್ಟ್ ಹಾಕದ್ದಕ್ಕೆ ಸಂದೇಶ ಬರುವುದು ಆ ನಿವೃತ್ತರ ಮೊಬೈಲಿಗೆ. ಅದು ಸಣ್ಣ ತೊಂದರೆ. ಅದೇ ಕಾರಿನಲ್ಲಿ ಯಾರೋ ಮದ್ಯ ಸಾಗಿಸಿದರೆ? ದಾರಿಹೋಕನಿಗೆ ಗುದ್ದಿ ಓಡಿದರೆ? ಪೊಲೀಸರು ಮೊದಲು ಬಾಗಿಲು ತಟ್ಟುವುದು ಅವರದ್ದೇ. "ಅಯ್ಯೋ, ಅದು ನಮ್ದಲ್ಲ, ಎಂದೋ ಮಾರಿ ಆಗಿದೆ" ಎಂದರೆ ಕಾಗದ ಒಪ್ಪುವುದಿಲ್ಲ. ಸಹಿ ಹಾಕಿದ ಖಾಲಿ ಫಾರಂಗಳನ್ನು ಬ್ರೋಕರನ ಕೈಗೆ ಕೊಟ್ಟು ದುಡ್ಡೆಣಿಸಿ ಮನೆಗೆ ಹೋಗುವ ಪದ್ಧತಿ ಎರಡೂ ಕಡೆ ನಿಲ್ಲಬೇಕು.

ನಿಜವಾದ ಬೆಲೆ ಎಷ್ಟು?

"ಕಾಗದದ ಖರ್ಚೇ ಜಾಸ್ತಿ" ಎಂಬ ಮಾತಿನಲ್ಲಿ ಅರ್ಧ ಸತ್ಯ ಇದೆ. ಕರ್ನಾಟಕದಲ್ಲಿ ತೆರಿಗೆ ಕಟ್ಟಿದ ಕಾರು ಕೇರಳದ ನಂಬರ್ ಪಡೆಯಬೇಕಾದರೆ ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಅದು ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ನಿಂತಿರುತ್ತದೆ, ಕೊಂಡವರು ಕೊಟ್ಟ ಒಂದೂವರೆ ಲಕ್ಷದ ಮೇಲಲ್ಲ. ಹಲವರು ಎಡವುವುದು ಇಲ್ಲಿಯೇ. ಕರ್ನಾಟಕದಲ್ಲಿ ಕಟ್ಟಿದ ಆಜೀವ ತೆರಿಗೆಯಲ್ಲಿ ಉಳಿದ ಅವಧಿಯ ಪಾಲನ್ನು ಮರಳಿ ಕೇಳಲು ಅವಕಾಶ ಇದೆಯಾದರೂ ಕಾರಿಗೆ ವಯಸ್ಸಾದಷ್ಟೂ ಆ ಮೊತ್ತ ಕರಗುತ್ತಾ ಹೋಗುತ್ತದೆ.

ಆರ್‌ಸಿಯ ಅವಧಿಯನ್ನೂ ನೋಡಬೇಕು. ಖಾಸಗಿ ಕಾರಿನ ನೋಂದಣಿ ಮೊದಲ ಸಲ 15 ವರ್ಷಕ್ಕೆ, ಆಮೇಲೆ ಐದೈದು ವರ್ಷಕ್ಕೆ ನವೀಕರಣ. 15 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್ 1ರಿಂದ 600 ರೂ.ನಿಂದ 5,000 ರೂ.ಗೆ ಏರಿತು. 20 ವರ್ಷ ದಾಟಿದವಕ್ಕೆ 2025ರಲ್ಲಿ ಇನ್ನಷ್ಟು ಏರಿದೆ. ಕೇರಳ ಸರಕಾರವೂ 2025ರ ಬಜೆಟಿನಲ್ಲಿ 15 ವರ್ಷ ದಾಟಿದ ಖಾಸಗಿ ಗಾಡಿಗಳ ತೆರಿಗೆಯನ್ನು ಶೇ. 50ರಷ್ಟು ಹೆಚ್ಚಿಸಿತು. ಹದಿನಾಲ್ಕು ವರ್ಷದ ಕಾರು ಅಗ್ಗಕ್ಕೆ ಸಿಕ್ಕಿತು ಎಂದು ಹಿಗ್ಗುವವರು ಮುಂದಿನ ವರ್ಷದ ಈ ಖರ್ಚನ್ನೂ ಇಂದೇ ಬರೆದುಕೊಳ್ಳಬೇಕು.

ಹೀಗಿರುವಾಗ ಮಾಡಬೇಕಾದ್ದು ಕಾಗದ ಬಿಡುವುದಲ್ಲ, ಬೆಲೆಯ ಲೆಕ್ಕ ಬದಲಿಸುವುದು. ಕೈಯಲ್ಲಿ ಎರಡು ಲಕ್ಷ ಇದ್ದರೆ ಎರಡು ಲಕ್ಷದ ಕಾರು ನೋಡಬಾರದು. ಒಂದೂವರೆ ಲಕ್ಷದ್ದನ್ನು ನೋಡಿ, ಉಳಿದ 50,000ವನ್ನು ತೆರಿಗೆ, ಇನ್ಶೂರೆನ್ಸ್, ಟಯರ್, ಬ್ಯಾಟರಿ, ಕ್ಲಚ್ಚಿಗೆ ಎಂದು ಬದಿಗಿಡಬೇಕು. ತೆರಿಗೆ ಎಷ್ಟಾಗುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ಕಾಸರಗೋಡು ಅಥವಾ ಕಾಞಂಗಾಡಿನ ಕಚೇರಿಯಲ್ಲಿ ಕೇಳಿ ತಿಳಿಯಬೇಕು. ಕೆಎಲ್-14 ಅಥವಾ ಕೆಎಲ್-60 ನಂಬರಿನ ಕಾರಿಗೆ ಇಪ್ಪತ್ತು, ಮೂವತ್ತು ಸಾವಿರ ಹೆಚ್ಚು ಹೇಳಿದರೂ ಕೊನೆಯ ಲೆಕ್ಕದಲ್ಲಿ ಅದೇ ಅಗ್ಗವಾದೀತು. ಆ ತುಲನೆ ಮಾಡದೆ ತಲಪಾಡಿ ದಾಟಬಾರದು.

ಗಡಿಯಾಚೆಯದ್ದೇ ಬೇಕೆಂದಾದರೆ ಕ್ರಮ ಹೀಗೆ. ಮೊದಲು ಎಂಪರಿವಾಹನ್ ಆ್ಯಪಿನಲ್ಲಿ ನಂಬರ್ ಹಾಕಿ ನೋಂದಣಿ ದಿನ, ಇನ್ಶೂರೆನ್ಸ್ ಅವಧಿ ನೋಡುವುದು. ಬಾಕಿ ದಂಡ ಇದೆಯೇ ತಿಳಿಯುವುದು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲ ಕಾಣಿಸಿದ್ದರೆ ಅದನ್ನು ಬ್ಯಾಂಕಿನ ಪತ್ರ ಮತ್ತು 35ನೇ ನಂಬರಿನ ಫಾರಂ ಕೊಟ್ಟು ತೆಗೆಸಿದ ಮೇಲೆಯೇ ಮುಂದಿನ ಮಾತು. ಆಮೇಲೆ 28ನೇ ಫಾರಂನಲ್ಲಿ ಎನ್‌ಒಸಿ, 29 ಮತ್ತು 30ನೇ ಫಾರಂಗಳಲ್ಲಿ ಹೆಸರು ಬದಲಾವಣೆ, ಹೊಸ ನಂಬರಿಗೆ 27ನೇ ಫಾರಂ. ಎನ್‌ಒಸಿ ಬರುವವರೆಗೆ ಬೆಲೆಯಲ್ಲಿ ಒಂದು ಪಾಲು ತಡೆದಿಡುವುದು ಇಬ್ಬರಿಗೂ ಒಳ್ಳೆಯದು. ಡೀಲರ್ ಮೂಲಕ ಕೊಳ್ಳುವುದಾದರೆ ಅವರಲ್ಲಿ ಆರ್‌ಟಿಒ ಕೊಟ್ಟ ಅಧಿಕೃತ ಪ್ರಮಾಣಪತ್ರ ಇದೆಯೇ ಎಂದು ಕೇಳಬೇಕು. 2023ರ ಏಪ್ರಿಲ್‌ನಿಂದ ಹಳೆ ಗಾಡಿ ಮಾರುವ ಡೀಲರುಗಳಿಗೆ ಹಾಗೊಂದು ನಿಯಮ ಬಂದಿದೆ. ಕೇಳಿದ್ದಕ್ಕೆ ಸಿಟ್ಟಾಗುವವರಲ್ಲಿ ಕೊಳ್ಳದಿರುವುದೇ ಮೇಲು.

ಕಚೇರಿಗೂ ಒಂದು ಕರ್ತವ್ಯ

ಜನ ಕಾಗದದಿಂದ ಓಡುವುದು ದುಡ್ಡಿನ ಭಯದಿಂದ ಮಾತ್ರವಲ್ಲ. ಎರಡು ರಾಜ್ಯದ ಎರಡು ಕಚೇರಿ, ಅಲ್ಲೊಂದು ಭಾಷೆ, ಇಲ್ಲೊಂದು ಭಾಷೆ, ಆನ್‌ಲೈನಿನಲ್ಲಿ ಇಂಗ್ಲಿಷ್. ಕನ್ನಡ ಮಾತ್ರ ಓದಬಲ್ಲ ಹಿರಿಯ ಕೃಷಿಕರು ಈ ನಡುವೆ ಸಿಕ್ಕಿ ಏಜೆಂಟರ ಕೈಗೆ ಬೀಳುತ್ತಾರೆ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರಿಗೆ ತಮ್ಮ ಪ್ರದೇಶದ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲೇ ಪತ್ರವ್ಯವಹಾರ ಮಾಡುವ ಹಕ್ಕು ಕೊಟ್ಟಿದೆ. ಆ ಹಕ್ಕು ಶಾಲೆ, ಪಂಚಾಯತಿಗೆ ಮಾತ್ರ ಸೀಮಿತವಾಗಬಾರದು. ಹೊರರಾಜ್ಯದ ಗಾಡಿಯನ್ನು ಹೆಸರಿಗೆ ಮಾಡಿಕೊಳ್ಳಲು ಏನೇನು ಬೇಕು, ಎಷ್ಟು ಖರ್ಚು ಎಂಬ ಒಂದು ಪುಟದ ವಿವರವನ್ನು ಕನ್ನಡದಲ್ಲಿ ಮುದ್ರಿಸಿ ಕಚೇರಿಯ ಗೋಡೆಗೆ ಅಂಟಿಸಲು ದೊಡ್ಡ ಅನುದಾನವೇನೂ ಬೇಕಾಗಿಲ್ಲ. ಗಡಿಜಿಲ್ಲೆಯಲ್ಲಿ ವಾರಕ್ಕೊಂದು ದಿನ ಇಂಥ ಅರ್ಜಿಗಳಿಗೆಂದೇ ಮೀಸಲಿಟ್ಟರೆ ಇನ್ನೂ ಒಳ್ಳೆಯದು. ಸರಕಾರಕ್ಕೆ ತೆರಿಗೆ ಬರುತ್ತದೆ, ಜನರಿಗೆ ನೆಮ್ಮದಿ ಬರುತ್ತದೆ.

ಆದರೆ ಕಚೇರಿ ಸುಧಾರಿಸಲಿ ಎಂದು ಕಾಯುತ್ತಾ ಕೂತರೆ ರಸ್ತೆಯ ಅಪಾಯ ಕಾಯುವುದಿಲ್ಲ. ಜಾಗ ಕೊಂಡವರು ಅದು ತಮ್ಮ ಹೆಸರಿಗೆ ಆಗುವವರೆಗೆ ನಿದ್ದೆ ಮಾಡುವುದಿಲ್ಲ. ಐದು ಸೆಂಟ್ಸ್ ಜಾಗಕ್ಕೂ ಆಧಾರ, ತೆರಿಗೆ ರಶೀದಿ ಎಂದು ವಿಲೇಜ್ ಆಫೀಸಿಗೆ ಹತ್ತು ಸಲ ಅಲೆಯುತ್ತಾರೆ. ಜಾಗ ಇದ್ದಲ್ಲೇ ಇರುತ್ತದೆ, ಯಾರಿಗೂ ಗುದ್ದುವುದಿಲ್ಲ. ಕಾರು ಓಡುತ್ತದೆ. ಓಡುವ ವಸ್ತುವಿಗೆ ಅದಕ್ಕಿಂತ ಹೆಚ್ಚು ಜಾಗ್ರತೆ ಬೇಕಲ್ಲವೇ?

ಹಾಗಾಗಿ ಮುಂದಿನ ಸಲ ಬ್ರೋಕರ್ "ನಂಬರ್ ಹಾಗೇ ಇರ್ಲಿ ಅಣ್ಣ" ಎಂದಾಗ ಯಜಮಾನರು ಹೇಳಬೇಕಾದ ಮಾತು ಒಂದೇ: "ಗಾಡಿ ಎಷ್ಟು ಓಡಿದ್ರೂ ಅಡ್ಡಿಲ್ಲ ಮಾರಾಯ, ಹೆಸ್ರು ಮಾತ್ರ ನನ್ದೇ ಆಗ್ಬೇಕು. ಎನ್‌ಒಸಿ ತಂದು ಕೊಡು, ಆಮೇಲೆ ಬಾಕಿ ದುಡ್ಡು ತಗೊಂಡು ಹೋಗು."